ಕ್ಯಾಪ್ಟನ್ ಥ್ರಾಲ್ ಪಕ್ಕದ ಜಾಗ

ಆರ್ಮಾಂಡ್ ಸತ್ತದ್ದು ನವೆಂಬರ್ ಕೊನೆಯಲ್ಲಿ. ನಮ್ಮ ಗುಡ್ಡದ ಮೇಲೆ ನವೆಂಬರಿನಲ್ಲಿ ಸತ್ತವರು ಮೇ ತಿಂಗಳ ತನಕ ಕಾಯಬೇಕು. ನೆಲ ಹೆಪ್ಪುಗಟ್ಟಿರುತ್ತದೆ, ಗುದ್ದಲಿ ಇಳಿಯುವುದಿಲ್ಲ. ಇದಕ್ಕೆ ಇಲ್ಲಿ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಮ್ಮಪ್ಪನೂ ಕಾದಿದ್ದ, ಅಮ್ಮನೂ ಕಾದಿದ್ದಳು.

ಸುಟ್ಟ ಮೇಲೆ ಬೂದಿಯನ್ನು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟರು. ಅದರ ಮುಖ ನೋಡಿದರೇ ನನಗೆ ಕೋಪ ಬರುತ್ತಿತ್ತು. ಆರ್ಮಾಂಡ್‌ನ ಕೆಂಪು ಕಾಫಿ ಡಬ್ಬಿಯನ್ನು ತೊಳೆದು ಒರೆಸಿ, ಅವನನ್ನು ಅದಕ್ಕೆ ಸುರಿದು, ಅಡುಗೆಮನೆಯ ಶೆಲ್ಫಿನ ಮೇಲೆ ಒಲೆಗೆ ಹತ್ತಿರವಾಗಿ ಇಟ್ಟೆ. ಅವನಿಗೆ ಚಳಿ ಆಗುತ್ತಿರಲಿಲ್ಲ. ದಿನಾ ಸಂಜೆ ಊರಿನ ಸುದ್ದಿಯೆಲ್ಲ ಅವನಿಗೆ ಹೇಳುತ್ತಿದ್ದೆ: ಯಾರ ಗಾಡಿ ಹಿಮದಲ್ಲಿ ಸಿಕ್ಕಿಕೊಂಡಿತು, ಅಂಗಡಿಯವಳು ಡೋನಟ್ ಎಷ್ಟು ಸಣ್ಣದು ಮಾಡಿದ್ದಾಳೆ, ಇಂಥದ್ದೇ. ಯಾರಾದರೂ ನೋಡಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನೋಡುವವರು ಯಾರಿದ್ದರು, ಮಣ್ಣು.

ಅವನಿಗೆ ನಾನು ಮಾತು ಕೊಟ್ಟಿದ್ದೆ. ಗುಡ್ಡದ ನೆತ್ತಿಯ ಹಳೆಯ ಸ್ಮಶಾನದಲ್ಲಿ, ಕ್ಯಾಪ್ಟನ್ ಜಬೇಜ್ ಥ್ರಾಲ್‌ನ ಕಲ್ಲಿನ ಪಕ್ಕದಲ್ಲಿ ಅವನನ್ನು ಮಣ್ಣು ಮಾಡುತ್ತೇನೆ, ನನ್ನ ಸರದಿ ಬಂದಾಗ ನಾನೂ ಅಲ್ಲಿಗೇ ಬರುತ್ತೇನೆ ಎಂದು. ಕೆಳಗೆ ಹೆದ್ದಾರಿಯ ಪಕ್ಕದ ಹೊಸ ಸ್ಮಶಾನದಲ್ಲಿ ಜಾಗ ಬೇಕಾದಷ್ಟಿದೆ, ನಮ್ಮಪ್ಪ ಅಮ್ಮನೂ ಅಲ್ಲೇ ಮಲಗಿದ್ದಾರೆ. ಅವನಿಗೆ ಅದು ಬೇಡವಾಗಿತ್ತು.

ಕ್ಯಾಪ್ಟನ್ ನಮ್ಮ ಮನೆತನದ ಮೂಲಪುರುಷ. ಇಂಗ್ಲೆಂಡಿನ ರಾಜನ ಮೇಲೆ ಜನ ತಿರುಗಿಬಿದ್ದ ಕಾಲದಲ್ಲಿ ಈ ಊರಿನ ರೈತರೆಲ್ಲ ಸೇರಿ ಒಂದು ಊರಪಡೆ ಕಟ್ಟಿದರು. ಕೈ ಎತ್ತಿ ಆರಿಸಿದ್ದು ಇವನನ್ನು. ಇವನು ಅವರನ್ನು ಉತ್ತರಕ್ಕೆ, ಸರೋವರದ ಕೋಟೆ ಕಾಯಲು ಕರೆದುಕೊಂಡು ಹೋದ. ಸುಗ್ಗಿಯ ಹೊತ್ತಿಗೆ ಒಬ್ಬರನ್ನೂ ಬಿಡದೆ ನಡೆಸಿಕೊಂಡು ವಾಪಸ್ ಬಂದ. ಒಂದಾದರೂ ಗುಂಡು ಹಾರಿಸಿದನೋ ಇಲ್ಲವೋ, ದೇವರೇ ಬಲ್ಲ. ಆದರೆ ಕ್ಯಾಪ್ಟನ್ ಅಂದರೆ ಕ್ಯಾಪ್ಟನ್ನೇ. ನಮ್ಮಜ್ಜ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ: ಕ್ಯಾಪ್ಟನ್‌ನ ಮಗ ರೂಬೆನ್, ರೂಬೆನ್‌ನ ಮಗ ಇಂಥವನು, ಅವನ ಮಗ ಇಂಥವನು. ಹಾಗೆ ಇಳಿಯುತ್ತ ಇಳಿಯುತ್ತ ಸಾಲು ನನ್ನ ತನಕ ಬಂದು ನಿಂತಿದೆ. ನನ್ನಿಂದ ಮುಂದಕ್ಕೆ ಯಾರೂ ಇಲ್ಲ. ನಮಗೆ ಮಕ್ಕಳಾಗಲಿಲ್ಲ.

ಮೇ ತಿಂಗಳ ಕೊನೆಯ ಸೋಮವಾರ, ಯೋಧರ ದಿನ, ಕ್ಯಾಪ್ಟನ್‌ನ ಕಲ್ಲಿಗೆ ಬಾವುಟ ಸಿಗಿಸಿ ಜೆರೇನಿಯಂ ಹೂಗಿಡ ನೆಡುವ ಕೆಲಸ ನನ್ನದು. ಅಪ್ಪ ಹೋದ ಮೇಲೆ ಐವತ್ತು ವರ್ಷದಿಂದ ಮಾಡುತ್ತಿದ್ದೇನೆ. ಆರ್ಮಾಂಡ್ ನೀರಿನ ಕೊಡ ಹೊತ್ತು ಜೊತೆಗೆ ಬರುತ್ತಿದ್ದ. ಅವನು ಗಡಿಯಾಚೆ ಕ್ವಿಬೆಕ್‌ನವನು, ಮರ ಕಡಿಯಲು ಬಂದವನು, ಬಾಯಿ ತೆರೆದರೆ ಫ್ರೆಂಚ್ ವಾಸನೆ. ನಲವತ್ತು ವರ್ಷ ಇದ್ದರೂ ಈ ಊರಿನವರು ಅವನನ್ನು "ಯಾವೂರಾಯ್ತು?" ಎಂದು ಕೇಳುವುದನ್ನು ಬಿಡಲಿಲ್ಲ. ಮಾತಿನ ಮಲ್ಲ ಪಾಪ. ಅಂಗಡಿಯ ಒಲೆಯ ಪಕ್ಕ ನಿಂತು ಎಲ್ಲರನ್ನೂ ಮಾತಾಡಿಸುತ್ತಿದ್ದ. ಅವರು ಹವಾಮಾನದ ಬಗ್ಗೆ ಎರಡು ಮಾತಾಡಿ ಮುಖ ತಿರುಗಿಸುತ್ತಿದ್ದರು.

"ನೋಡೇ ವರ್ನಾ," ಅನ್ನುತ್ತಿದ್ದ, ಕ್ಯಾಪ್ಟನ್‌ನ ಕಲ್ಲಿಗೆ ಬೆನ್ನು ಕೊಟ್ಟು ಬ್ರೆಡ್ಡು ತಿನ್ನುತ್ತ, "ಈ ಊರಲ್ಲಿ ನನ್ನನ್ನ ಯಾವೂರು ಅಂತ ಕೇಳದೇ ಇರೋನು ಇವನೊಬ್ಬನೇ. ನನ್ನನ್ನ ಇಲ್ಲೇ ಹಾಕ್ಬಿಡು."

ಹಾಕುತ್ತೇನೆ ಮಾರಾಯ ಎಂದಿದ್ದೆ.

ಮೇ ಶುರುವಾಗುತ್ತಲೇ ಬರ್ಟನ್ ಹ್ಯಾಸ್ಕೆಲ್ ಬಂದ. ಸ್ಮಶಾನ ಸಮಿತಿಯ ಅಧ್ಯಕ್ಷ ಅವನು. ಒಂದನೇ ಕ್ಲಾಸಿನಲ್ಲಿ ನನ್ನ ಜಡೆ ಎಳೆದು ನನ್ನಿಂದ ಏಟು ತಿಂದವನು. ಈಗ ಎರಡು ಮಂಡಿಯೂ ಹೋಗಿವೆ, ಮೆಟ್ಟಿಲು ಹತ್ತುವಾಗ ಒಂದೊಂದಕ್ಕೂ ದೇವರನ್ನು ಬೈಯುತ್ತಾನೆ. ಕಾಫಿ ಕುಡಿದ, ರೂಬಾರ್ಬ್ ಪೈ ತಿಂದ, ತಟ್ಟೆ ನೆಕ್ಕುವುದೊಂದು ಬಾಕಿ. ಆಮೇಲೆ ಕೆಮ್ಮಿದ.

"ಮಣ್ಣು ಸಡಿಲ ಆಗಿದೆ ಕಣೇ. ಆರ್ಮಾಂಡ್ ವಿಷಯ."

"ಕ್ಯಾಪ್ಟನ್ ಪಕ್ಕ. ಹೇಳಿದೀನಲ್ಲ."

"ಹೇಳಿದೀಯ. ಆದ್ರೆ ಹಳೇ ಸ್ಮಶಾನದಲ್ಲಿ ಜಾಗ ಅಲ್ಲಿ ಮಲಗಿರೋರ ನೇರ ವಂಶದವರಿಗೆ ಮಾತ್ರ. ಅವರಿಗೆ, ಅವರ ಗಂಡ ಹೆಂಡತಿಗೆ. ಹೋದ ವರ್ಷ ಬೇಸಿಗೆಗೆ ಮಾತ್ರ ಬರೋ ಆ ಪಟ್ಟಣದೋರು ನಮಗೂ ಜಾಗ ಕೊಡಿ ಅಂತ ಗಲಾಟೆ ಮಾಡಿದ್ರಲ್ಲ, ಆಮೇಲಿಂದ ಪುರಾವೆ ಬೇಕು ಅಂತ ಸಮಿತೀಲಿ ಪಾಸ್ ಮಾಡಿದ್ವಿ."

"ಪುರಾವೆ? ನನಗೆ? ನಿನ್ನ ಮುಖಕ್ಕಿಷ್ಟು! ಊರಿಗೆಲ್ಲ ಗೊತ್ತು ನಾನ್ಯಾರ ಮನೆಯವಳು ಅಂತ."

"ಊರಿಗೆ ಗೊತ್ತು. ಆದ್ರೆ ನಿನಗೊಂದು ನ್ಯಾಯ, ಅವರಿಗೊಂದು ನ್ಯಾಯ ಮಾಡಕ್ಕಾಗುತ್ತಾ?" ಟೋಪಿ ಹಾಕಿಕೊಂಡು ಎದ್ದ. "ನಾಳೆ ಬಾ. ಮೊದಲು ಜಾಗ ಇದೆಯಾ ಅಂತ ಸಲಾಕೆ ಇಳಿಸಿ ನೋಡೋಣ."

ಪುರಾವೆ ತರುವುದಾದರೂ ಎಲ್ಲಿಂದ? ನಮ್ಮೂರಿನ ಹುಟ್ಟು ಸಾವಿನ ದಾಖಲೆಗಳೆಲ್ಲ ಹಳೆಯ ಟೌನ್ ಹಾಲ್ ಸುಟ್ಟಾಗ ಹೋದವು. ಉಳಿದದ್ದು ಗುಡ್ಡದ ಮೇಲಿನ ಕಲ್ಲುಗಳು, ಮತ್ತೆ ನಾವು ಹೇಳಿಕೊಂಡು ಬಂದ ಮಾತು. ಆ ಸಂಜೆ ಡಬ್ಬಿಗೆ ಹೇಳಿದೆ: "ನೋಡೋ, ಬರ್ಟನ್‌ಗೆ ಪುರಾವೆ ಬೇಕಂತೆ." ನನ್ನ ಪಾಡಿಗೆ ನಾನೇ ನಕ್ಕೆ.

ಮಾರನೆಯ ದಿನ ಬರ್ಟನ್ ಉದ್ದನೆಯ ಕಬ್ಬಿಣದ ಸಲಾಕೆ ತಂದಿದ್ದ. ಅದನ್ನು ನೆಲಕ್ಕೆ ಒತ್ತಿ ಒತ್ತಿ ನೋಡುವುದು ಅವರ ರೂಢಿ. ಒಮ್ಮೆ ಅಗೆದ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ. ಕ್ಯಾಪ್ಟನ್‌ನ ಕಲ್ಲಿನ ಎಡಕ್ಕೆ ಒತ್ತಿದ. ಮೊಳ ಇಳಿದು ಠಣ್ ಎಂದಿತು. ಬಲಕ್ಕೆ ಒತ್ತಿದ, ಠಣ್. ಆಮೇಲೆ ಹಿಂದೆ, ಮುಂದೆ, ಕ್ಯಾಪ್ಟನ್ ಮಲಗಿರಬೇಕಾದ ಜಾಗದ ನಟ್ಟನಡುವೆ. ಎಲ್ಲೆಲ್ಲೂ ಮೊಳದ ಆಳಕ್ಕೆ ಬಂಡೆ.

ಬರ್ಟನ್ ಸಲಾಕೆಗೆ ಒರಗಿಕೊಂಡು ನನ್ನ ಮುಖ ನೋಡಿದ.

"ವರ್ನಾ, ಇಲ್ಲಿ ಯಾರನ್ನೂ ಹೂಳಿಲ್ಲ. ಹೂಳಕ್ಕೆ ಆಗೋದೇ ಇಲ್ಲ. ಕೆಳಗೆಲ್ಲ ಹಾಸುಬಂಡೆ."

"ಕಲ್ಲಿದೆಯಲ್ಲೋ ಇಲ್ಲಿ!"

"ಕಲ್ಲಿದೆ." ಗಲ್ಲ ಕೆರೆದುಕೊಂಡ. "ನಮ್ಮಜ್ಜಿ ಕೆಲಸ ಇರಬೇಕು ಇದು."

ಬರ್ಟನ್‌ನ ಅಜ್ಜಿ ತನ್ನ ಕಾಲದಲ್ಲಿ ಊರ ಸುಧಾರಣೆಯ ಹೆಂಗಸರ ಸಂಘದ ಮುಖ್ಯಸ್ಥೆ. ಅಡ್ಡಾದಿಡ್ಡಿ ನಿಂತ ಕಲ್ಲುಗಳ ನಡುವೆ ಹುಲ್ಲು ಕೊಯ್ಯಲು ಕಷ್ಟ, ನೋಡಲೂ ಚಂದವಿಲ್ಲ ಎಂದು ಆಕೆ ಎತ್ತಲಾಗುವ ಕಲ್ಲುಗಳನ್ನೆಲ್ಲ ಕೀಳಿಸಿ ಸಾಲಾಗಿ ನೆಡಿಸಿದ್ದಳು. ಸುತ್ತಲ ಹಳ್ಳಿಗಳಲ್ಲೂ ಆಗ ಹೀಗೇ ಮಾಡಿದರು. ಕಲ್ಲಿನ ಕೆಳಗಿದ್ದವರನ್ನು ಯಾರೂ ಸಾಲಿಗೆ ಕರೆಯಲಿಲ್ಲ, ಅವರು ಇದ್ದಲ್ಲೇ ಇದ್ದರು.

"ಬದುಕಿದ್ದೋರನ್ನ ಚರ್ಚಲ್ಲಿ ಸಾಲಾಗಿ ಕೂರಿಸಿದ್ದು ಸಾಲಲಿಲ್ಲ ಅಂತ ನಿಮ್ಮಜ್ಜಿ ಸತ್ತೋರನ್ನೂ ಸಾಲಾಗಿ ನಿಲ್ಸಿದ್ಲಾ?" ಎಂದೆ. ಅವನು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ. ಐವತ್ತು ವರ್ಷ ನಾನು ಆ ಕಲ್ಲಿನ ಮುಂದೆ ನಿಂತು ಅಮ್ಮನ ಕಾಯಿಲೆ ಹೇಳಿಕೊಂಡಿದ್ದೇನೆ, ಮಗು ನಿಲ್ಲದೆ ಹೋದದ್ದನ್ನು ಹೇಳಿಕೊಂಡಿದ್ದೇನೆ. ಯಾರಿಗೆ? ಬಂಡೆಗೆ.

ಕಲ್ಲನ್ನು ಎಷ್ಟು ಆಳಕ್ಕೆ ನೆಟ್ಟಿದ್ದಾರೆ ನೋಡೋಣ ಎಂದು ಬರ್ಟನ್ ಬುಡದ ಹುಲ್ಲಿನ ಹೆಂಟೆ ಬಿಡಿಸಿದ. ನೆಡುವಾಗ ಕೆಳಗಿನ ಸಾಲುಗಳನ್ನು ಮಣ್ಣಿಗೆ ಸೇರಿಸಿಬಿಟ್ಟಿದ್ದರು. ನಮಗೆ ಗೊತ್ತಿದ್ದದ್ದು ಮೇಲಿನದಷ್ಟೇ: ಕ್ಯಾಪ್ಟನ್ ಜಬೇಜ್ ಥ್ರಾಲ್, 1819, ವಯಸ್ಸು ಎಂಬತ್ತು. ಬರ್ಟನ್ ಹೆಬ್ಬೆರಳಿನಿಂದ ಮಣ್ಣು ಒರೆಸಿದ. ಕೆಳಗೆ ಇನ್ನೊಂದು ಸಾಲಿತ್ತು. ಮಣ್ಣಿನಲ್ಲಿ ಮುಚ್ಚಿಕೊಂಡಿದ್ದರಿಂದ ನಿನ್ನೆ ಕೆತ್ತಿದ ಹಾಗೆ ಹೊಸದಾಗಿತ್ತು: ಈ ಕಲ್ಲು ಇಡಿಸಿದವನು ಅವರ ತಮ್ಮ ಈನಸ್‌ನ ಮಗ, ರೂಬೆನ್.

ಬರ್ಟನ್ ಓದಿದ, ನಾನೂ ಓದಿದೆ. ಆಮೇಲೆ ಅವನು ಮಣ್ಣನ್ನು ಕೈಯಲ್ಲಿ ಎಳೆದು ಸಾಲನ್ನು ಮುಚ್ಚಿ, ಹೆಂಟೆಯನ್ನು ಮೇಲೆ ಕೂರಿಸಿ ತಟ್ಟಿದ.

"ನನ್ನ ಕಣ್ಣು ಸರಿ ಇಲ್ಲಮ್ಮ," ಎಂದ. "ಪೊರೆ ಬಂದಿದೆ. ನಾನೇನೂ ಓದಿಲ್ಲ."

"ಓದಿದೀಯ. ತಮ್ಮನ ಮಗ ಅಂತಿದೆ."

"ರೂಬೆನ್‌ಗಳು ಇಬ್ಬರಿದ್ದಿರಬೋದು. ಕ್ಯಾಪ್ಟನ್‌ಗೂ ಒಬ್ಬ, ತಮ್ಮನಿಗೂ ಒಬ್ಬ. ಆಗೆಲ್ಲ ಇದ್ದಿದ್ದೇ ನಾಲ್ಕು ಹೆಸರು."

ಆ ಮಾತು ಹಿಡಿದುಕೊಂಡು ನಾನು ಮನೆಗೆ ಹೋದೆ. ಇದ್ದಿರಬೇಕು, ಇಬ್ಬರೇ ಇದ್ದಿರಬೇಕು. ಕ್ಯಾಪ್ಟನ್‌ನ ಹೆಂಡತಿ ಮೆಹಿಟಬಲ್ ಮತ್ತು ಮಕ್ಕಳದೊಂದು ಕಲ್ಲು ಸ್ಮಶಾನದ ನಡುವೆ, ಆಕೆಯ ಅಪ್ಪನ ಕಲ್ಲಿನ ಪಕ್ಕದಲ್ಲಿದೆ. ಭಾರದ ಕಲ್ಲು, ಸಂಘದವರೂ ಅದನ್ನು ಕದಲಿಸಿರಲಿಲ್ಲ. ಮೇಲೆ ರೆಕ್ಕೆ ಬಂದ ನಾಲ್ಕು ಪುಟ್ಟ ಮುಖಗಳು. ಬರಹವೆಲ್ಲ ಸವೆದು ಪಾಚಿ ಕಟ್ಟಿ, ಯಾರೂ ಓದುವುದಿಲ್ಲ. ಅಂಥ ಕಲ್ಲನ್ನು ಓದಲು ಒಂದು ಉಪಾಯವಿದೆ. ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಅಡ್ಡಡ್ಡ ಬೀಳಿಸಿದರೆ ಅಕ್ಷರಗಳ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಆರ್ಮಾಂಡ್‌ನ ಗಡ್ಡ ಕೆರೆಯುವ ಕನ್ನಡಿಯನ್ನು ಗೋಡೆಯಿಂದ ಬಿಚ್ಚಿಕೊಂಡೆ. ಆದರೆ ಕನ್ನಡಿ ಹಿಡಿದವರೇ ಎದುರಿಗೆ ನಿಂತು ಓದಲು ಆಗುವುದಿಲ್ಲ, ಇಬ್ಬರು ಬೇಕು. ಇಷ್ಟು ವರ್ಷ ಅಂಥದ್ದಕ್ಕೆಲ್ಲ ಮನೆಯಲ್ಲೇ ಇನ್ನೊಬ್ಬನಿದ್ದ. ಈಗ ಬರ್ಟನ್‌ಗೆ ಫೋನ್ ಮಾಡಬೇಕಾಯಿತು.

ನಾನು ಕನ್ನಡಿ ಹಿಡಿದೆ. ಬರ್ಟನ್ ಬೈದುಕೊಂಡು ಮಂಡಿಯೂರಿದ. ಬೆಳಕು ಬಿದ್ದದ್ದೇ ತಡ, ಖಾಲಿ ಕಲ್ಲಿನ ಮೇಲೆ ಅಕ್ಷರಗಳು ಎದ್ದವು.

"ಮೆಹಿಟಬಲ್, ಕ್ಯಾಪ್ಟನ್ ಜಬೇಜ್ ಥ್ರಾಲ್ ಅವರ ಪತ್ನಿ. 1776, ಅಕ್ಟೋಬರ್." ಅವನು ನಿಧಾನವಾಗಿ ಓದುತ್ತಿದ್ದ. "ಅವರ ಮಕ್ಕಳು. ಲೂಸಿ, ಒಂಬತ್ತು ವರ್ಷ, ಸೆಪ್ಟೆಂಬರ್. ಏಸಾ, ಏಳು ವರ್ಷ, ಸೆಪ್ಟೆಂಬರ್."

"ಮುಂದಕ್ಕೆ ಓದೋ."

"ಕನ್ನಡಿ ಅಲ್ಲಾಡ್ತಿದೆ."

"ಅಲ್ಲಾಡ್ತಿಲ್ಲ. ಓದು."

"ರೂಬೆನ್," ಎಂದ. "ನಾಲ್ಕು ವರ್ಷ. ಸೆಪ್ಟೆಂಬರ್. ಆಮೇಲೊಂದು ಹಸುಗೂಸು, ಹೆಸರಿಟ್ಟಿಲ್ಲ."

ಇಬ್ಬರು ರೂಬೆನ್‌ಗಳು ಇದ್ದದ್ದು ನಿಜವೇ. ಕ್ಯಾಪ್ಟನ್‌ನವನು ನಾಲ್ಕು ವರ್ಷಕ್ಕೇ ಹೋಗಿಬಿಟ್ಟಿದ್ದ. ಸತ್ತ ಮಗುವಿನ ಹೆಸರನ್ನು ಮನೆತನದ ಮುಂದಿನ ಮಗುವಿಗೆ ಇಡುವುದು ಆಗಿನವರ ಪದ್ಧತಿ. ತಮ್ಮನಿಗೆ ಮಗ ಹುಟ್ಟಿದಾಗ ಅದೇ ಹೆಸರಿಟ್ಟಿದ್ದ. ನಮ್ಮ ರೂಬೆನ್ ಆ ಎರಡನೆಯವನು. ದೊಡ್ಡವನಾದ ಮೇಲೆ ದೊಡ್ಡಪ್ಪನ ಹೊಲಕ್ಕೆ ಬಂದು ಕೂತ. ಅವನ ಮಕ್ಕಳು, ಮೊಮ್ಮಕ್ಕಳು ಈನಸ್‌ನನ್ನು ಮೆಲ್ಲಗೆ ಮರೆತರು. ಹೆಸರಿಲ್ಲದ ರೈತನನ್ನು ಅಜ್ಜ ಅಂದುಕೊಳ್ಳುವುದಕ್ಕಿಂತ ಕ್ಯಾಪ್ಟನ್‌ನನ್ನು ಅಜ್ಜ ಅಂದುಕೊಳ್ಳುವುದು ಯಾರಿಗೆ ಬೇಡ? ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಅವರ ಮೂಲಪುರುಷ ಒಬ್ಬ ಅಧಿಕಾರಿಯೇ. ಸಿಪಾಯಿಗಳಿಗೆಲ್ಲ ಸಂತಾನವೇ ಆಗಲಿಲ್ಲವೋ ಏನೋ. ಈನಸ್ ಮಲಗಿರುವುದು ಗುಡ್ಡದಾಚೆಯ ಬೇರೆ ಊರಿನಲ್ಲಿ, ರೂಬೆನ್ ಮತ್ತು ಅವನ ಮುಂದಿನವರೆಲ್ಲ ಕೆಳಗಿನ ಹೊಸ ಸ್ಮಶಾನದಲ್ಲಿ. ಈ ಸ್ಮಶಾನದಲ್ಲಿ ನನ್ನವರು ಅಂತ ಒಬ್ಬರೂ ಇಲ್ಲ.

ಆದರೆ ನನ್ನ ತಲೆ ಆಗ ಅಲ್ಲಿರಲಿಲ್ಲ. ಆ ತಿಂಗಳಿನ ಮೇಲಿತ್ತು. 1776ರ ಸೆಪ್ಟೆಂಬರ್ ನಮ್ಮೂರಿಗೆ ಜ್ವರ ಬಂದ ತಿಂಗಳು. ಕೋಟೆಯಿಂದ ಮರಳಿದ ಪಡೆಯ ಜೊತೆಗೇ ಬಂತು, ಮನೆಗೆ ಒಬ್ಬಿಬ್ಬರಂತೆ ಮಕ್ಕಳು ಹೋದರು. ಪ್ರತಿ ಯೋಧರ ದಿನದ ಭಾಷಣದಲ್ಲೂ ಆ ಮಾತು ಬಂದು ಹೋಗುತ್ತದೆ. ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿದೆ. ಒಬ್ಬರನ್ನೂ ಬಿಡದೆ ಎಲ್ಲರನ್ನೂ ನಡೆಸಿಕೊಂಡು ಬಂದ ಎಂದು ನಮ್ಮಜ್ಜ ಕೊಚ್ಚಿಕೊಳ್ಳುತ್ತಿದ್ದ. ಅಯ್ಯೋ ಪಾಪಿ, ಕಾಯಿಲೆಯವರನ್ನೂ ಬಿಡದೆ ಕರೆದುಕೊಂಡು ಬಂದಿದ್ದ. ತನ್ನ ಮನೆಗೂ ತಂದಿದ್ದ. ಹೆಂಡತಿ ಮಕ್ಕಳು ಅಷ್ಟೂ ಜನ ಹೋದ ಮೇಲೆ ಅವನು ನಲವತ್ತು ವರ್ಷಕ್ಕೂ ಮೀರಿ ಬದುಕಿದ್ದ, ಇದೇ ಊರಿನಲ್ಲಿ, ಮಕ್ಕಳನ್ನು ಕಳೆದುಕೊಂಡವರ ನಡುವೆ.

"ವರ್ನಾ," ಎಂದ ಬರ್ಟನ್, ಕಲ್ಲು ಹಿಡಿದುಕೊಂಡು ಎದ್ದು. "ಇಲ್ಲಿ ನಾವಿಬ್ಬರೇ ಇರೋದು. ಕ್ಯಾಪ್ಟನ್ ಕಲ್ಲಿನ ಹತ್ರ ಬಂಡೆ ಆದ್ರೇನು, ಬೂದಿಗೆ ಮೊಳ ಮಣ್ಣು ಸಾಕು. ನಾನು ಕಣ್ಮುಚ್ಕೋತೀನಿ."

"ನೀನು ಕಣ್ಮುಚ್ಕೊಂಡು ಕೊಡೋ ಭಿಕ್ಷೆ ನನಗೆ ಬೇಡ! ನನ್ನ ಗಂಡ ನಲವತ್ತು ವರ್ಷ ಈ ಊರಲ್ಲಿ ಹಾಗೇ ಬದುಕಿದ. ನೀವೆಲ್ಲ ಕಣ್ಮುಚ್ಕೊಂಡು ಇರಿಸ್ಕೊಂಡ್ರಿ. ಸತ್ತ ಮೇಲೂ ಹಾಗೇನಾ?"

"ಹಾಗಾದ್ರೆ ನಿಯಮ ಅಂದ್ರೆ ನಿಯಮ," ಎಂದು ಅವನೂ ಮುಖ ಗಂಟು ಹಾಕಿಕೊಂಡು ಹೋದ. ನಾನು ಕನ್ನಡಿಯನ್ನು ಸ್ಮಶಾನದ ಕಲ್ಲುಗೋಡೆಯ ಮೇಲೆ ಇಟ್ಟವಳು ಅಲ್ಲೇ ಮರೆತು ಗುಡ್ಡ ಇಳಿದೆ.

ಆ ವಾರ ನಾನು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಡಬ್ಬಿಯ ಜೊತೆಗೂ ಮಾತಾಡಲಿಲ್ಲ. ಏನು ಹೇಳಬೇಕಿತ್ತು? ನಿನಗೆ ಕೊಟ್ಟ ಮಾತು ನಡೆಸಲು ಆಗಲಿಲ್ಲ ಮಾರಾಯ, ನಾನೂ ನಿನ್ನ ಹಾಗೇ ಹೊರಗಿನವಳು ಅಂತ ತಿಳಿಯಿತು ಅಂತಲೇ? ನಮ್ಮದು ಅಂದುಕೊಂಡ ಸಾಲಿನಲ್ಲಿ ನನ್ನ ಮುಂದೆ ಯಾರೂ ಇಲ್ಲ ಎನ್ನುವುದು ಹಳೆಯ ಸಂಗತಿ. ಈಗ ಹಿಂದೆಯೂ ಯಾರೂ ಇಲ್ಲ. ಹಾಸಿಗೆಯಲ್ಲಿ ಕೂತು ಅತ್ತೆ. ಆರ್ಮಾಂಡ್ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಕೊನೆಗೆ ಎಬ್ಬಿಸಿದ್ದು ಕನ್ನಡಿ. ಬಚ್ಚಲ ಗೋಡೆಯ ಮೊಳೆ ಬರಿದಾಗಿದ್ದದ್ದನ್ನು ನೋಡಿ ನೋಡಿ ಹೊಟ್ಟೆ ಉರಿಯಿತು. ಅವನ ಸಾಮಾನನ್ನು ಮಳೆಗೆ ಬಿಟ್ಟು ಬಂದಿದ್ದೇನಲ್ಲ ಎಂದುಕೊಂಡು ಗುಡ್ಡ ಹತ್ತಿದೆ. ಕನ್ನಡಿ ಗೋಡೆಯ ಮೇಲಿರಲಿಲ್ಲ. ಗಾಳಿಗೆ ಜಾರಿ ಮೂಲೆಯ ಲೈಲಾಕ್ ಪೊದೆಯೊಳಗೆ ಬಿದ್ದಿತ್ತು. ಅಲ್ಲಿಗೆ ಹುಲ್ಲು ಕೊಯ್ಯುವ ಯಂತ್ರ ಹೋಗುವುದಿಲ್ಲ, ಯಾರೂ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಮೊಣಕೈ ಊರಿ ತೆವಳಿದೆ. ಮುಳ್ಳು, ಹಳೆಯ ಎಲೆ, ಯಾರೋ ಎಸೆದ ಬಿಯರ್ ಕ್ಯಾನು. ಕನ್ನಡಿಗೆ ಕೈ ಚಾಚಿದಾಗ ಬೆರಳಿನ ಗೆಣ್ಣು ಕಲ್ಲಿಗೆ ತಾಗಿ ಜೀವ ಹೋದ ಹಾಗಾಯಿತು. ಬೈದುಕೊಂಡು ಎಲೆ ಸರಿಸಿದೆ. ಮೊಣಕಾಲೆತ್ತರದ ಪುಟ್ಟ ಕಲ್ಲು, ಮೇಲ್ಗಡೆ ಗುಂಡಗೆ ಕೆತ್ತಿದ್ದು. ಅದರ ಮೇಲೆ ಕ್ಯಾಪ್ಟನ್ ಎಂದು ಚುಟುಕಾಗಿ, ಅದರ ಕೆಳಗೆ ಜಬೇಜ್ ಥ್ರಾಲ್ ಎನ್ನಲು ಜೆ, ಟಿ, ಎರಡೇ ಅಕ್ಷರ.

ಆಗಿನವರು ಸತ್ತವರಿಗೆ ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು ಇಡುತ್ತಿದ್ದರು, ಮಂಚದ ಹಾಗೆ. ಸಂಘದ ಹೆಂಗಸರು ತಲೆಗಲ್ಲುಗಳನ್ನು ಸಾಲಿಗೆ ಎಳೆದು ಕಾಲುಗಲ್ಲುಗಳನ್ನು ಕಿತ್ತು ಎಸೆದಿದ್ದರು. ಇದೊಂದು ಪೊದೆಯೊಳಗೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹೆಂಡತಿ ಮಕ್ಕಳಿಂದ ದೂರ, ಊರಿನವರೆಲ್ಲರಿಂದ ದೂರ, ಗೋಡೆಯ ಮೂಲೆಗೆ ಒತ್ತಿಕೊಂಡು ಅವನು ಒಬ್ಬನೇ ಮಲಗಿದ್ದ. ಒಳಗೆ ಬೇಡ ಎಂದು ಊರಿನವರೇ ಹೇಳಿದರೋ, ಆ ಮಕ್ಕಳ ಪಕ್ಕ ಮಲಗುವ ಮುಖ ನನಗಿಲ್ಲ ಎಂದು ಅವನೇ ಹೇಳಿದನೋ, ಹೇಳುವವರು ಯಾರೂ ಉಳಿದಿಲ್ಲ. ಎರಡೂ ಕಡೆ ಜಾಗ ಖಾಲಿ. ಅವನ ಪಕ್ಕ ಮಲಗಲು ಇನ್ನೂರು ವರ್ಷದಲ್ಲಿ ಯಾರೂ ಬಂದಿರಲಿಲ್ಲ.

"ಇಲ್ಲಿದೀಯೇನೋ," ಎಂದೆ.

ಯೋಧರ ದಿನ ಬೆಳಗ್ಗೆ, ಊರೆಲ್ಲ ಕೆಳಗೆ ಮೈದಾನದಲ್ಲಿ ಮೆರವಣಿಗೆಗೆ ಸೇರಿದಾಗ, ನಾನು ಜೆರೇನಿಯಂ ಕುಂಡ, ಕೈಗುದ್ದಲಿ ಮತ್ತು ಕೆಂಪು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹತ್ತಿದೆ. ಸಾಲಿನ ಕಲ್ಲಿನ ಬುಡದಲ್ಲಿ ಸಮಿತಿಯವರು ಮೊದಲೇ ಬಾವುಟ ಸಿಗಿಸಿದ್ದರು. ಅದನ್ನು ಕಿತ್ತು ತಂದು, ಪೊದೆಯ ಕೊಂಬೆಗಳನ್ನು ಮುರಿದು ಜಾಗ ಮಾಡಿಕೊಂಡು, ಒಳಗಿನ ಪುಟ್ಟ ಕಲ್ಲಿಗೆ ಸಿಗಿಸಿದೆ. ಆಮೇಲೆ ಅವನ ಎಡಕ್ಕೆ ಅಗೆಯಲು ಕೂತೆ. ಮಣ್ಣು ಮೆತ್ತಗಿತ್ತು. ಮೊಳ ಅಗೆಯುವಷ್ಟರಲ್ಲಿ ಏದುಸಿರು ಬಂತು.

ಬೆನ್ನ ಹಿಂದೆ ಯಾರೋ ಸ್ಮಶಾನದ ಮೆಟ್ಟಿಲುಗಳನ್ನು ಬೈಯುವುದು ಕೇಳಿಸಿತು.

"ಬಾವುಟ ಕಾಣಿಸ್ಲಿಲ್ಲ ಅಂತ ಬಂದೆ," ಎಂದ ಬರ್ಟನ್. ಪುಟ್ಟ ಕಲ್ಲನ್ನು ನೋಡಿದ. ಬಗ್ಗಿ ಅಕ್ಷರದ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಗುಂಡಿ ನೋಡಿದ.

"ವರ್ನಾ, ಜೆರೇನಿಯಂಗೆ ಇಷ್ಟು ಆಳ ಯಾಕೆ?"

"ಬೇರು ಉದ್ದ ಇದೆ."

ಚೀಲದಿಂದ ಡಬ್ಬಿಯ ಕೆಂಪು ಮುಚ್ಚಳ ಇಣುಕುತ್ತಿತ್ತು. ಬರ್ಟನ್ ಟೋಪಿ ತೆಗೆದ, ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡು ಹೊರಟುಹೋದ. ಹೋಗಲಿ ಬಿಡು, ದೂರು ಕೊಡಲಿ, ನನ್ನನ್ನು ಜೈಲಿಗೆ ಹಾಕಲಿ ಎಂದುಕೊಂಡು ಅಗೆಯುತ್ತಲೇ ಇದ್ದೆ. ಅವನು ತನ್ನ ಟ್ರಕ್ಕಿನಿಂದ ಉದ್ದನೆಯ ಹಾರೆಗುದ್ದಲಿ ತಂದ.

"ಏಳು ಆ ಕಡೆ. ಇಲ್ಲಿ ನರಿ ಕಾಟ ಇದೆ, ಇನ್ನೂ ಒಂದು ಅಡಿ ಬೇಕು."

"ನಿಯಮ?"

"ವಂಶದವರು ಬಂದು ತಕರಾರು ಮಾಡಬಾರದು ಅಂತ ಇರೋದು ಆ ನಿಯಮ. ಇವನಿಗೆ ವಂಶ ಎಲ್ಲಿದೆ? ಯಾರು ಬಂದು ಕೇಳ್ತಾರೆ? ಸಮಿತೀಲಿ ನಾನೇ ಹೇಳ್ತೀನಿ, ಯಾರಿಗೆ ಬೇಡವೋ ಅವರು ಬಂದು ಈ ಮಂಡಿ ಇಟ್ಕೊಂಡು ಅಗೀಲಿ." ಅಗೆಯುತ್ತ ಅಗೆಯುತ್ತ, ನನ್ನ ಕಡೆ ನೋಡದೆ ಹೇಳಿದ: "ಅವನು ಒಳ್ಳೆಯವನೇ ಕಣೇ, ಆರ್ಮಾಂಡು. ನಾವೇ ಮಾತಾಡ್ಸಲಿಲ್ಲ."

ಕಣ್ಣು ಮುಚ್ಚಿಕೊಂಡು ಕೊಡಬೇಡ ಎಂದಿದ್ದೆ. ಈಗ ಅವನು ಕಣ್ಣು ಬಿಟ್ಟುಕೊಂಡೇ ಅಗೆಯುತ್ತಿದ್ದ. ನಾನು ಬೇಡ ಅನ್ನಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದು ನಾನೇ ಸುರಿದೆ. ಕೆಳಗೆ ಮೈದಾನದಲ್ಲಿ ಬಂದೂಕಿನ ಸಲಾಮಿ ಹಾರಿತು, ಕಾಗೆಗಳೆಲ್ಲ ಎದ್ದವು. "ಕ್ಯಾಪ್ಟನ್," ಎಂದೆ, "ಇವನು ಆರ್ಮಾಂಡ್. ಬಾಯಿ ಜಾಸ್ತಿ. ನಿನಗೂ ಬಹಳ ದಿನ ಆಗಿದೆ ಯಾರ ಜೊತೇನಾದ್ರೂ ಮಾತಾಡಿ. ಯಾವೂರು ಅಂತ ಮಾತ್ರ ಕೇಳಬೇಡ."

"ಡಬ್ಬೀನೂ ಹಾಕ್ತೀಯಾ?" ಎಂದ ಬರ್ಟನ್.

"ಇಲ್ಲ. ಡಬ್ಬಿ ನಂದು."

ಮಣ್ಣು ಮುಚ್ಚಿ ಮೇಲೆ ಜೆರೇನಿಯಂ ಇಟ್ಟೆವು. ಬರ್ಟನ್ ಗೋಡೆಯ ಮೇಲೆ ಕೂತು ಮಂಡಿ ತಿಕ್ಕಿಕೊಂಡ. ಆ ಇನ್ನೊಂದು ಪಕ್ಕದ ಖಾಲಿ ಜಾಗವನ್ನು ನಾನು ನೋಡುತ್ತಿದ್ದೆ.

"ನನ್ನ ಜೆರೇನಿಯಂಗೆ ಯಾರೋ ಅಗಿಯೋರು?"

"ನಾನೇ ಅಗೀತೀನಿ," ಎಂದ. "ಆದ್ರೆ ನೀನು ನನಗಿಂತ ಮುಂಚೆ ಹೋಗ್ಬೇಕು. ತಡ ಮಾಡಿದ್ರೆ ನನ್ನ ಕೇಳ್ಬೇಡ."

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವನು ಮೊಮ್ಮಕ್ಕಳು ಊಟಕ್ಕೆ ಕಾಯುತ್ತಿದ್ದಾರೆ ಎಂದು ಇಳಿದು ಹೋದ. ನೀನೂ ಬಾ ಎಂದ. ಇನ್ನೊಂದು ದಿನ ಬರುತ್ತೇನೆ ಎಂದೆ.

ಮನೆಗೆ ಬಂದು ಡಬ್ಬಿ ತೊಳೆದೆ. ಒರೆಸಿದೆ. ಶೆಲ್ಫಿನ ಮೇಲೆ ಅದು ಕೂತಿದ್ದ ಕಡೆ ಧೂಳಿಲ್ಲದ ಒಂದು ದುಂಡನೆಯ ಗುರುತಿತ್ತು, ಸರಿಯಾಗಿ ಅದರ ಮೇಲೆಯೇ ಇಟ್ಟೆ. ಕೊಟ್ಟ ಮಾತು ನಡೆಸಿದ್ದೆ, ಸಮಾಧಾನವಾಗಬೇಕಿತ್ತು. ಆದರೆ ಕ್ಯಾಪ್ಟನ್‌ಗೆ ಜೊತೆ ಸಿಕ್ಕಿತ್ತು, ಆರ್ಮಾಂಡ್‌ಗೂ ಜೊತೆ ಸಿಕ್ಕಿತ್ತು, ನನ್ನ ಜೊತೆಗಿದ್ದವನನ್ನು ನಾನೇ ಕೈಯಾರೆ ಕೊಟ್ಟು ಬಂದಿದ್ದೆ. ಸಂಜೆಯಾಯಿತು. ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು ಡಬ್ಬಿಯ ಕಡೆ ತಿರುಗಿ ಕೂತೆ.

"ಇವತ್ತು ಏನಾಯ್ತು ಗೊತ್ತಾ," ಎಂದು ಶುರುಮಾಡಿದೆ.

ಅದು ಖಾಲಿ ಎಂದು ನನಗೆ ಗೊತ್ತು. ಐವತ್ತು ವರ್ಷ ಬಂಡೆಯ ಮುಂದೆ ನಿಂತು ಮಾತಾಡಿದವಳಿಗೆ ಇದು ಹೊಸದೇನಲ್ಲ.